ಹಾಸನದ ಒಂದು ಫೈಟರ್ ಮೀನಿಗೆ ತೊಟ್ಟಿ ಆರಿಸಿದ ಪ್ರಕರಣ

ಹಾಸನದಲ್ಲಿ ಒಂದು ಬಾಡಿಗೆ ಮನೆ, ಮೊದಲ ಮಹಡಿ. ಹೈಸ್ಕೂಲ್ ಟೀಚರ್ ಆಗಿರುವ ತಾಯಿ, ವಾರದ ಬಹುಪಾಲು ಊರೂರು ಸುತ್ತುವ ಕೆಲಸದ ತಂದೆ, ನಾಲ್ಕನೇ ಕ್ಲಾಸಿನ ಮಗಳು, ಅವಳ ತಾತ, ಅಜ್ಜಿ. ಡಿಸೆಂಬರಿನಲ್ಲಿ ಮಗಳು ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಿ ಬರುವಾಗ ರಿಟರ್ನ್ ಗಿಫ್ಟ್ ಅಂತ ಒಂದು ದುಂಡು ಗಾಜಿನ ಬೌಲು, ಒಂದು ಹಿಡಿ ಬಣ್ಣದ ಕಲ್ಲು, ಪುಟ್ಟ ಡಬ್ಬಿಯಲ್ಲಿ ಮೀನಿನ ಆಹಾರ, ಪ್ಲಾಸ್ಟಿಕ್ ಕವರಿನಲ್ಲಿ ನೀಲಿ ಬಣ್ಣದ ಫೈಟರ್ ಮೀನು ತಂದಳು. ಮಕ್ಕಳಿಗೆ ಪೆನ್ಸಿಲ್ ಬಾಕ್ಸ್ ಕೊಟ್ಟ ಹಾಗೆ ಜೀವ ಇರುವ ಮೀನು ಕೊಡುವ ಈ ಪದ್ಧತಿ ನನಗೆ ಒಂಚೂರೂ ಹಿಡಿಸುವುದಿಲ್ಲ. ಆದರೆ ಮೀನು ಮನೆಗೆ ಬಂದಾಗಿತ್ತು.

ಜನವರಿ ಹೊತ್ತಿಗೆ ಅದು ಬೆಳಗಿನ ಹೊತ್ತು ತಳದಲ್ಲಿ ಒರಗಿಕೊಂಡೇ ಇರುತ್ತಿತ್ತು, ಕಾಳು ಹಾಕಿದರೂ ಮೇಲೆ ಬರುತ್ತಿರಲಿಲ್ಲ. ಅದೇ ಬೀದಿಯಲ್ಲಿ ನನ್ನ ಮನೆ. ವರ್ಷಗಳಿಂದ ನಾನು ಮೀನು ಸಾಕುತ್ತಿರುವುದು ಬೀದಿಗೆಲ್ಲ ಗೊತ್ತು. ತಾಯಿ ಬಂದು ಕೇಳಿದ್ದು ಹೀಗೆ: “ಅಣ್ಣ, ಅಂಗಡಿಯವನು ಇದಕ್ಕೆ ಪಂಪು ಗಿಂಪು ಏನೂ ಬೇಡ, ಲೋಟದಲ್ಲಿಟ್ಟರೂ ಬದುಕುತ್ತೆ ಅಂದಿದ್ನಂತೆ. ಈಗ ನೋಡಿದ್ರೆ ಹೀಗಾಗಿದೆ. ಬೌಲ್ ಚಿಕ್ಕದಾಯ್ತಾ? ಯಾವ ಟ್ಯಾಂಕ್ ತಗೋಬೇಕು?”

ಪ್ರಶ್ನೆ ಟ್ಯಾಂಕಿನ ಸೈಜಿನದು. ಆದರೆ ಸೈಜಿಗೆ ಹೋಗುವ ಮುಂಚೆ ಈಗಿರುವ ಬೌಲಿನಲ್ಲಿ ಯಾವುದು ಕೆಟ್ಟಿದೆ ಅಂತ ತಿಳಿಯಬೇಕಿತ್ತು. ಇಲ್ಲದಿದ್ದರೆ ಅದೇ ತೊಂದರೆಯನ್ನು ದೊಡ್ಡ ಗಾಜಿನಲ್ಲಿ ಮತ್ತೆ ಕೊಂಡಂತಾಗುತ್ತದೆ.

ಬೌಲಿನೊಳಗೆ ಏನಿತ್ತು

ಬೌಲು ಹಾಲಿನಲ್ಲಿ, ಟಿವಿ ಸ್ಟ್ಯಾಂಡಿನ ಮೇಲೆ ಇತ್ತು. ಮೂರು ಲೀಟರಿನದು ಅಂದರೂ ಕಲ್ಲು ಹಾಕಿ, ಮೇಲೆ ಎರಡು ಬೆರಳು ಜಾಗ ಬಿಟ್ಟ ಮೇಲೆ ಉಳಿದ ನೀರು ಎರಡೂವರೆ ಲೀಟರ್. ಬೆಳಗ್ಗೆ ಏಳು ಗಂಟೆಗೆ ಥರ್ಮಾಮೀಟರ್ ಇಳಿಬಿಟ್ಟರೆ 18 ಡಿಗ್ರಿ ತೋರಿಸಿತು. ಮಧ್ಯಾಹ್ನ ಮೂರಕ್ಕೆ ಅದೇ ನೀರು 24. ಮೀನಿನ ರೆಕ್ಕೆಗಳು ಮೈಗೆ ಅಂಟಿಕೊಂಡಿದ್ದವು, ಬಾಲದ ಅಂಚು ಸವೆದು ಹರಿದ ಬಟ್ಟೆಯ ಅಂಚಿನಂತೆ ಎಳೆಎಳೆಯಾಗಿತ್ತು. ಕಲ್ಲುಗಳ ಸಂದಿಯಲ್ಲಿ ಬಿಳಿಯ, ಉಬ್ಬಿದ, ಬೂಸಲು ಹಿಡಿದ ವಸ್ತು ಒಂದು ಸಿಕ್ಕಿಕೊಂಡಿತ್ತು. ಕಡ್ಡಿಯಲ್ಲಿ ಎಬ್ಬಿಸಿ ನೋಡಿದರೆ ಪುರಿ. ದೇವಸ್ಥಾನದ ಕಲ್ಯಾಣಿಯಲ್ಲಿ ಮೀನಿಗೆ ಪುರಿ ಹಾಕುವ ಅಭ್ಯಾಸದ ಅಜ್ಜಿ, “ಆ ಕಾಳು ಎಷ್ಟೂಂತ ತಿನ್ನುತ್ತೆ ಪಾಪ” ಅಂತ ದಿನಾ ನಾಲ್ಕು ಪುರಿ ಹಾಕುತ್ತಿದ್ದರು. ಫೈಟರ್ ಹುಳುಹುಪ್ಪಟೆ, ಸೊಳ್ಳೆಮರಿ ತಿನ್ನುವ ಮೀನು. ಪುರಿ ಅದರ ಲೆಕ್ಕಕ್ಕೇ ಇಲ್ಲ. ಅದೆಲ್ಲ ಕೊಳೆತು ನೀರಿಗೇ ಸೇರುತ್ತಿತ್ತು.

ಮೀನಿನ ಗಲೀಜು, ಕೊಳೆತ ಆಹಾರ ಇವುಗಳಿಂದ ನೀರಿಗೆ ಸೇರುವುದು ಅಮೋನಿಯಾ. ಅದರ ಟೆಸ್ಟ್ ಕಿಟ್ಟಿನ ಕೊಳವೆ ಹಸಿರಾಯಿತು, ಬಣ್ಣದ ಪಟ್ಟಿಗೆ ಹೋಲಿಸಿದರೆ ಲೀಟರಿಗೆ 2 ಮಿಲಿಗ್ರಾಂ ಆಸುಪಾಸು. ಇರಬೇಕಾದದ್ದು ಸೊನ್ನೆ. ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 8. ನಲ್ಲಿ ನೀರು ಬಾರದ ದಿನ ಬೋರ್‌ವೆಲ್ ನೀರನ್ನು ಸಂಪಿಗೆ ಬಿಡುತ್ತಾರೆ, ಹಾಗಾಗಿ ನೀರು ಸ್ವಲ್ಪ ಗಡಸು.

ವಾರಕ್ಕೊಮ್ಮೆ ಬೌಲನ್ನು ಸಿಂಕಿಗೆ ಒಯ್ದು, ಮೀನನ್ನು ಟೀ ಸೋಸುವ ಜಾಲರಿಯಲ್ಲಿ ಹಿಡಿದು ಲೋಟಕ್ಕೆ ಹಾಕಿ, ಕಲ್ಲನ್ನೆಲ್ಲ ತಿಕ್ಕಿ ತೊಳೆದು, ಪೂರ್ತಿ ಹೊಸ ನೀರು ತುಂಬುತ್ತಿದ್ದರು. ಪಾಪ, ಶ್ರದ್ಧೆಯಿಂದಲೇ ಮಾಡುತ್ತಿದ್ದ ಕೆಲಸ. ಆ ಶ್ರದ್ಧೆಯ ಫಲವಾಗಿ ಮೀನು ಆರು ದಿನ ತನ್ನದೇ ಅಮೋನಿಯಾದಲ್ಲಿ ಕೂತು, ಏಳನೇ ದಿನ ಕ್ಲೋರಿನ್ ವಾಸನೆಯ, ಬೇರೆಯೇ ಉಷ್ಣಾಂಶದ, ಬೇರೆಯೇ ಗುಣದ ನೀರಿಗೆ ಬೀಳುತ್ತಿತ್ತು.

‘ಲೋಟದಲ್ಲೂ ಬದುಕುತ್ತೆ’ ಎಂಬ ಮಾತು

ಅಂಗಡಿಯವನ ಮಾತು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಫೈಟರಿಗೆ ಕಿವಿರಿನ ಜೊತೆಗೆ ತಲೆಯೊಳಗೆ ಲ್ಯಾಬಿರಿಂತ್ ಅನ್ನುವ ಇನ್ನೊಂದು ಅಂಗ ಇದೆ. ಮಡಿಕೆ ಮಡಿಕೆಯಾಗಿರುವ ಅದರಲ್ಲಿ ರಕ್ತನಾಳಗಳು ಒತ್ತಾಗಿರುತ್ತವೆ. ಮೀನು ಮೇಲೆ ಬಂದು ಬಾಯಿತುಂಬ ಗಾಳಿ ನುಂಗಿದರೆ ಅಲ್ಲಿಂದ ನೇರ ಆಮ್ಲಜನಕ ಸಿಗುತ್ತದೆ. ಗೋಲ್ಡ್‌ಫಿಶ್ ಒಂದನ್ನು ಇಂಥ ಬೌಲಿನಲ್ಲಿಟ್ಟರೆ ಉಸಿರುಕಟ್ಟಿ ಬಾಯಿ ಬಿಡುತ್ತದೆ, ಮನೆಯವರಿಗೆ ಏನೋ ಸರಿಯಿಲ್ಲ ಅಂತ ಬೇಗ ಗೊತ್ತಾಗುತ್ತದೆ. ಫೈಟರ್ ಹಾಗೆ ಎಚ್ಚರಿಸುವುದಿಲ್ಲ. ಉಸಿರಿಗೆ ಕೊರತೆಯಿಲ್ಲದ ಕಾರಣ ಚಳಿ, ಅಮೋನಿಯಾ ಎರಡನ್ನೂ ವಾರಗಟ್ಟಲೆ ಸಹಿಸಿಕೊಂಡು ನಿಧಾನಕ್ಕೆ ಕುಗ್ಗುತ್ತದೆ. ಬದುಕಿರುವುದನ್ನೇ ಚೆನ್ನಾಗಿರುವುದು ಅಂತ ನಾವು ಓದಿಕೊಳ್ಳುತ್ತೇವೆ.

ಥಾಯ್ಲೆಂಡಿನಲ್ಲಿ ಇವು ಕೊಚ್ಚೆ ಗುಂಡಿಯಲ್ಲಿ ಇರುತ್ತವಂತಲ್ಲ ಅನ್ನುವ ಮಾತೂ ಬಂತು. ಇದರ ಮೂಲ ಅಲ್ಲಿನ ಚಾವೊ ಫ್ರಾಯಾ ನದಿಯ ಬಯಲು. ಭತ್ತದ ಗದ್ದೆ, ಜೌಗು, ಹುಲ್ಲು ಬೆಳೆದ ನಿಂತ ನೀರು. ಆಳ ಕಡಿಮೆ ನಿಜ. ಹರವು ಮಾತ್ರ ಗದ್ದೆಯಷ್ಟು, ಗಿಡ ದಟ್ಟ, ನೀರು ವರ್ಷವಿಡೀ ಬೆಚ್ಚಗೆ. 1910ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಸಿ. ಟೇಟ್ ರೀಗನ್ ಇದಕ್ಕೆ ಬೆಟ್ಟಾ ಸ್ಪ್ಲೆಂಡೆನ್ಸ್ ಎಂಬ ಹೆಸರು ಕೊಟ್ಟ. 2019ರಲ್ಲಿ ಥಾಯ್ಲೆಂಡ್ ಇದನ್ನು ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ಅಲ್ಲಿನ ಸಾಕಣೆದಾರರು ಗಂಡುಗಳನ್ನು ಒಂದೊಂದೇ ಬಾಟಲಿಯಲ್ಲಿ ಇಡುವ ಫೋಟೋಗಳನ್ನು ಎಲ್ಲರೂ ನೋಡಿರುತ್ತೇವೆ. ಅದು ಜಗಳ ತಪ್ಪಿಸಲು ಮಾರಾಟದವರೆಗೆ ಮಾಡಿಕೊಂಡ ದಾಸ್ತಾನಿನ ವ್ಯವಸ್ಥೆ, ಆ ಊರಿನ ಸೆಖೆಯಲ್ಲಿ ನಡೆಯುವಂಥದ್ದು. ನಮ್ಮ ಕಡೆಯ ಅಂಗಡಿಗಳಿಗೂ ಫೈಟರುಗಳು ಹೆಚ್ಚಾಗಿ ಚೆನ್ನೈ ಕಡೆಯಿಂದ ಬರುತ್ತವೆ. ಅಲ್ಲಿನ ಕೊಳತ್ತೂರು ಅಲಂಕಾರಿಕ ಮೀನಿನ ವ್ಯಾಪಾರಕ್ಕೆ ಹೆಸರುವಾಸಿ. ಚೆನ್ನೈ ಸೆಖೆಯಲ್ಲಿ ಹುಟ್ಟಿ ಬೆಳೆದ ಮೀನು ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲಿರುವ ಹಾಸನದ ಪುಷ್ಯಮಾಸದ ಚಳಿಗೆ ಬಂದಿತ್ತು. ಅದಕ್ಕೆ ಬೇಕಾದದ್ದು 24ರಿಂದ 28 ಡಿಗ್ರಿ, ಅದೂ ಹಗಲು ರಾತ್ರಿ ಹೆಚ್ಚು ಏರಿಳಿಯದೆ.

ತಾಯಿ ಆಗ ಕೇಳಿದರು: “ಹಾಗಾದ್ರೆ ಬೌಲಿಗೇ ಒಂದು ಹೀಟರ್ ಹಾಕಿದ್ರೆ ಆಗಲ್ವಾ?” ಒಳ್ಳೆಯ ಪ್ರಶ್ನೆ, ಮತ್ತು ಈ ಪ್ರಕರಣದ ತಿರುಳು ಇದರ ಉತ್ತರದಲ್ಲೇ ಇದೆ.

ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಅಮೋನಿಯಂ ಆಗಿದ್ದರೆ ಅಷ್ಟೇನೂ ಅಪಾಯವಿಲ್ಲ. ಅಮೋನಿಯಾ ಆಗಿದ್ದರೆ ಕಿವಿರನ್ನು ಸುಡುತ್ತದೆ. ಯಾವುದು ಎಷ್ಟು ಅನ್ನುವುದನ್ನು ಪಿಎಚ್ ಮತ್ತು ಉಷ್ಣಾಂಶ ನಿರ್ಧರಿಸುತ್ತವೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷರೂಪದ ಪಾಲು ಶೇಕಡ ಅರ್ಧದಷ್ಟು. ಪಿಎಚ್ 8 ಆದರೆ ಶೇಕಡ 5ಕ್ಕೆ ಏರುತ್ತದೆ, ಅಂದರೆ ಹತ್ತು ಪಟ್ಟು. ನೀರು ಬೆಚ್ಚಗಾದಷ್ಟೂ ಆ ಪಾಲು ಹೆಚ್ಚುತ್ತದೆ. ಜೊತೆಗೆ ಬೆಚ್ಚಗಿನ ನೀರಿನಲ್ಲಿ ಮೀನು ಚುರುಕಾಗಿ ಹೆಚ್ಚು ತಿನ್ನುತ್ತದೆ, ಹೆಚ್ಚು ಅಮೋನಿಯಾ ಬಿಡುತ್ತದೆ. ಹಾಗಾಗಿ ಆ ಬೌಲಿಗೆ ಹೀಟರ್ ಇಟ್ಟರೆ ಚಳಿಯ ತೊಂದರೆ ಹೋಗಿ ವಿಷದ ತೊಂದರೆ ಜೋರಾಗುತ್ತಿತ್ತು. ಚಳಿಯೇ ಅಷ್ಟು ದಿನ ಅದನ್ನು ಒಂದು ರೀತಿಯಲ್ಲಿ ಕಾಪಾಡಿತ್ತು ಅಂದರೂ ತಪ್ಪಲ್ಲ.

ನೀರು ಹೆಚ್ಚಿಸಿದರೆ ಏನಾಗುತ್ತದೆ? ಎರಡೂವರೆ ಲೀಟರಿನ ಬದಲು 23 ಲೀಟರ್ ಇದ್ದರೆ ಅದೇ ಮೀನು ಬಿಟ್ಟ ಅಷ್ಟೇ ಅಮೋನಿಯಾ ಒಂಬತ್ತು ಪಟ್ಟು ತೆಳುವಾಗುತ್ತದೆ. ಚಳಿಗೆ ಈ ಲೆಕ್ಕ ನಡೆಯುವುದಿಲ್ಲ. ನೀರು ತಣ್ಣಗಾಗುವುದು ಮೇಲ್ಮೈಯಿಂದ, ಮತ್ತು ನೀರು ಒಂಬತ್ತು ಪಟ್ಟಾದಾಗ ಮೇಲ್ಮೈ ನಾಲ್ಕು ಪಟ್ಟಿಗಿಂತ ಸ್ವಲ್ಪ ಹೆಚ್ಚಾಗಿರುತ್ತದೆ. ತಣ್ಣಗಾಗುವ ವೇಗ ಅರ್ಧಕ್ಕೆ ಇಳಿಯುತ್ತದೆ ಅಷ್ಟೆ, ರಾತ್ರಿಯಿಡೀ ಬಿಟ್ಟರೆ ಅದೂ ಚಳಿಯಾಗುತ್ತದೆ. ದೊಡ್ಡ ತೊಟ್ಟಿ ಅಮೋನಿಯಾಗೆ ಮದ್ದು, ಹೀಟರ್ ಚಳಿಗೆ ಮದ್ದು. ಒಂದು ತಂದು ಇನ್ನೊಂದನ್ನು ಬಿಡುವ ಹಾಗಿಲ್ಲ.

ಮೀನಿಗೆ ಈಜಲು ಜಾಗ ಬೇಕು ಅಂತಲೇ ಎಲ್ಲರೂ ಲೀಟರ್ ಲೆಕ್ಕ ಹಾಕುತ್ತಾರೆ. ಇಷ್ಟುದ್ದ ಬಾಲದ, ಅದನ್ನು ಅರಳಿಸಿದರೆ ಅರ್ಧಚಂದ್ರದಂತೆ ಕಾಣುವ ಈ ಹಾಫ್‌ಮೂನ್ ಫೈಟರ್ ಅಷ್ಟೇನೂ ಈಜುವ ಮೀನಲ್ಲ. ನನ್ನ ಲೆಕ್ಕದಲ್ಲಿ ಲೀಟರ್ ಅಂದರೆ ಮನೆಯವರಿಗೆ ಸಿಗುವ ಪುರಸೊತ್ತು. ಎರಡೂವರೆ ಲೀಟರಿನಲ್ಲಿ ಒಂದು ದಿನ ಮರೆತರೆ ಮೀನು ಅದರ ಬೆಲೆ ತೆರುತ್ತದೆ. ಇಪ್ಪತ್ತರಲ್ಲಿ ಒಂದು ವಾರ ಮರೆತರೂ ಸರಿಪಡಿಸಿಕೊಳ್ಳಲು ಸಮಯ ಇರುತ್ತದೆ. ಟೀಚರಮ್ಮನಿಗೆ ಪರೀಕ್ಷೆ ಪೇಪರು ತಿದ್ದುವ ವಾರ, ಮದುವೆಗೆಂದು ಊರಿಗೆ ಹೋಗುವ ವಾರ, ತಾತನಿಗೆ ಮಂಡಿನೋವಿನ ವಾರ ಇವೆಲ್ಲ ಬಂದೇ ಬರುತ್ತವೆ.

ಆಯ್ಕೆಗಳು, ಮತ್ತು ತಾತನ ಬಕೆಟ್

ಮನೆಯಲ್ಲಿ ಪ್ರತಿಯೊಬ್ಬರ ಹತ್ತಿರ ಒಂದೊಂದು ಉಪಾಯ ಇತ್ತು.

ತಂದೆ ಎರಡು ಅಡಿ ಟ್ಯಾಂಕ್ ನೋಡಿ ಬಂದಿದ್ದರು. 24 ಇಂಚು ಉದ್ದ, 12 ಅಗಲ, 12 ಎತ್ತರ. ಅಂಚಿನವರೆಗೆ ತುಂಬಿದರೆ 56 ಲೀಟರ್. ನೀರು, ಗಾಜು, ಕಲ್ಲು ಸೇರಿ ಎಪ್ಪತ್ತು ಕೆಜಿ ಮುಟ್ಟುತ್ತದೆ. ಅದನ್ನು ಪ್ಲೈವುಡ್ಡಿನ ಟಿವಿ ಸ್ಟ್ಯಾಂಡಿನ ಮೇಲೆ ಇಡುವ ಯೋಚನೆ. ಮೀನಿಗೆ ಅದಕ್ಕಿಂತ ಒಳ್ಳೆಯದಿಲ್ಲ, ನಾನೂ ಒಪ್ಪುತ್ತೇನೆ. ಆದರೆ ಅಷ್ಟು ದೊಡ್ಡದರಲ್ಲಿ ಒಂದೇ ಮೀನು ಇಟ್ಟರೆ ಖಾಲಿ ಕಾಣುತ್ತೆ, ಜೊತೆಗೆ ಗೋಲ್ಡ್‌ಫಿಶ್ ಎರಡು, ಗಪ್ಪಿ ನಾಲ್ಕು ಬಿಡೋಣ ಅನ್ನುವ ಮಾತು ಆಗಲೇ ಶುರುವಾಗಿತ್ತು. ಗೋಲ್ಡ್‌ಫಿಶ್ ತಂಪು ನೀರಿನದು, ಗಲೀಜೂ ಜಾಸ್ತಿ. ಗಪ್ಪಿಯ ಬಣ್ಣದ ಬಾಲ ಕಂಡರೆ ಫೈಟರ್ ಇನ್ನೊಂದು ಗಂಡೆಂದು ಮೇಲೆ ಬೀಳಬಹುದು.

ಮಗಳಿಗೆ ಇಷ್ಟವಾದದ್ದು ಅಂಗಡಿಯಲ್ಲಿ ಕಂಡ, ನಡುವೆ ಗಾಜಿನ ತಡೆ ಇರುವ, ಬಣ್ಣದ ಲೈಟಿನ ಡಬ್ಬಿ. ಎರಡು ಕಡೆ ಎರಡು ಫೈಟರ್. ಹಗಲಿಡೀ ಎರಡೂ ಒಂದನ್ನೊಂದು ನೋಡಿ ಕಿವಿರ ಮುಚ್ಚಳ ಅರಳಿಸಿ ನಿಂತಿರುತ್ತವೆ. ನೋಡುವವರಿಗೆ ಅದು ಚೆಂದ. “ಪುಟ್ಟಿ, ನಿನ್ನ ಪಕ್ಕದ ಬೆಂಚಿನವಳು ದಿನಾ ಬೆಳಗ್ಗೆಯಿಂದ ಸಂಜೆವರೆಗೆ ಜಗಳಕ್ಕೆ ನಿಂತರೆ ನಿಂಗೆ ಊಟ ಸೇರುತ್ತಾ?” ಅಂದೆ. ಅಲ್ಲಿಗೆ ಆ ಮಾತು ಮುಗಿಯಿತು.

ಅಜ್ಜಿಯದು ಎಲ್ಲಕ್ಕಿಂತ ಸ್ವಾರಸ್ಯದ ಸಲಹೆ. ಕೆಳಗೆ ಅಂಗಳದಲ್ಲಿ ಮನೆ ಮಾಲೀಕರ ಹಳೆಯ ಸಿಮೆಂಟ್ ತೊಟ್ಟಿ ಇದೆ, ನೈದಿಲೆ ಹಾಕಿ ಅದರಲ್ಲೇ ಬಿಡಿ, ಸೊಳ್ಳೆಮರಿ ತಿಂದುಕೊಂಡು ಹಾಯಾಗಿರುತ್ತೆ ಅಂದರು. ಮಂಗಳೂರಿನಲ್ಲೋ ಕುಂದಾಪುರದಲ್ಲೋ ಆಗಿದ್ದರೆ ನಾನು ಹ್ಞೂಂ ಅನ್ನುತ್ತಿದ್ದೆ. ಕರಾವಳಿಯ ನೀರು ವರ್ಷದ ಬಹುಪಾಲು ತಾನಾಗಿಯೇ ಬೆಚ್ಚಗಿರುತ್ತದೆ, ಮೇಲೊಂದು ಬಲೆ ಕಟ್ಟಿದರೆ ಮಿಂಚುಳ್ಳಿಯ ಭಯವೂ ಇಲ್ಲ. ಹಾಸನದಲ್ಲಿ ಜನವರಿಯ ಬಯಲು ತೊಟ್ಟಿಯ ನೀರಿಗೆ ಬೆಳಗ್ಗೆ ಕೈ ಹಾಕಿ ನೋಡಿದರೆ ಸಾಕು, ಉತ್ತರ ಗೊತ್ತಾಗುತ್ತದೆ.

ತಾತ ಮಾತ್ರ ಏನೂ ಹೇಳಿರಲಿಲ್ಲ. ಆದರೆ ಇಡೀ ದಿನ ಮನೆಯಲ್ಲಿ ಇರುವವರು ಅವರು. ನೀರು ಬದಲಿಸುವ ಕೆಲಸ ಕೊನೆಗೆ ಯಾರ ಪಾಲಿಗೆ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಟ್ಟು ಹೇಳದ ವಿಷಯ. “ತಾತ, ಬಚ್ಚಲಿಂದ ಹಾಲಿಗೆ ಎಷ್ಟು ನೀರು ಹೊತ್ತು ತರಬಲ್ಲಿರಿ?” ಅಂತ ಕೇಳಿದೆ. ಅವರು ಎದ್ದು ಹೋಗಿ, ಹೂಕುಂಡಗಳಿಗೆ ನೀರು ಹಾಕುವ ಸಣ್ಣ ಬಕೆಟ್ ತಂದು ತೋರಿಸಿದರು. ಆರು ಲೀಟರಿನದು. “ಇಷ್ಟು ಆಗ್ತದಪ್ಪ. ಇನ್ನೊಂದ್ಸಲ ಬೇಕಾದ್ರೂ ತರಬಹುದು. ಅದಕ್ಕಿಂತ ಜಾಸ್ತಿ ಅಂದ್ರೆ ನನ್ನ ಕೈಲಾಗಲ್ಲ.”

ಸೈಜು ತೀರ್ಮಾನವಾದದ್ದು ಆ ಬಕೆಟ್ಟಿನ ಮೇಲೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು ಅಂತಿಟ್ಟುಕೊಂಡರೆ, ಒಂದು ಬಕೆಟ್ಟಿಗೆ ಹೊಂದುವುದು 23–24 ಲೀಟರಿನ ತೊಟ್ಟಿ. ಎರಡು ಅಡಿಯ ಟ್ಯಾಂಕಾದರೆ ವಾರಕ್ಕೆ ಹನ್ನೆರಡು ಹದಿಮೂರು ಲೀಟರ್. ಮೊದಲ ತಿಂಗಳು ಉತ್ಸಾಹದಲ್ಲಿ ನಡೆಯುತ್ತದೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಆಗುತ್ತದೆ. ಇಂಥ ದೊಡ್ಡ ಟ್ಯಾಂಕುಗಳು ಆರು ತಿಂಗಳಲ್ಲಿ ಅಟ್ಟ ಸೇರಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿದ್ದು: 18 ಇಂಚು ಉದ್ದ, 10 ಅಗಲ, 10 ಎತ್ತರ, 5 ಮಿಲಿಮೀಟರ್ ಗಾಜು. ತುಂಬ ತುಂಬಿದರೆ 29 ಲೀಟರ್. ಮೇಲೆ ಒಂದೂವರೆ ಇಂಚು ಬಿಟ್ಟು, ಕಲ್ಲು ಕಳೆದರೆ 23. ಅಂಗಡಿಯವರು ಅಷ್ಟೇ ಬೆಲೆಗೆ ಎತ್ತರದ್ದು ಕೊಡುತ್ತೇನೆ, ಶೋಕೇಸಿಗೆ ಚೆನ್ನಾಗಿ ಕಾಣುತ್ತೆ ಅಂದರು. ಬೇಡ ಅಂದೆವು. ಇಷ್ಟು ಭಾರದ ಬಾಲ ಹೊತ್ತ ಮೀನು ಪ್ರತಿ ಸಲ ಗಾಳಿಗೆ ಮೇಲೆ ಬರಬೇಕು. ಅದಕ್ಕೆ ಎತ್ತರ ಕಡಿಮೆ, ಉದ್ದ ಹೆಚ್ಚು ಇರುವುದು ಸಲೀಸು. ದುಂಡನೆಯ ಬೌಲಿನ ಬಗ್ಗೆ ಇನ್ನೊಂದು ಮಾತು: ಅದರಲ್ಲಿ ಹೀಟರ್, ಫಿಲ್ಟರ್ ಯಾವುದೂ ನೆಟ್ಟಗೆ ಕೂರುವುದಿಲ್ಲ. ಇಟಲಿಯ ರೋಮ್ ನಗರ 2005ರಲ್ಲೇ ಗೋಲ್ಡ್‌ಫಿಶ್‌ಗಳನ್ನು ದುಂಡು ಬೌಲಿನಲ್ಲಿ ಇಡುವುದನ್ನು ನಿಷೇಧಿಸಿತು. ನಮ್ಮಲ್ಲಿ ಅದು ಇನ್ನೂ ಉಡುಗೊರೆ ಸಾಮಾನು.

ಎಲ್ಲಿ ಇಡುವುದು

ಇದಕ್ಕೆ ಸೈಜಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಅಜ್ಜಿ ಈಶಾನ್ಯವೇ ಆಗಬೇಕು ಅಂದರು. ಈಶಾನ್ಯದಲ್ಲಿ ದೇವರ ಮನೆ. ಬೆಳಗ್ಗೆ ಸಂಜೆ ಊದುಬತ್ತಿ, ಶುಕ್ರವಾರ ಸಾಂಬ್ರಾಣಿ. ಫೈಟರ್ ನೀರಿನ ಮೇಲಿನ ಗಾಳಿಯನ್ನೇ ನುಂಗುವ ಮೀನು, ಅಲ್ಲಿ ಹೊಗೆ ಕೂತರೆ ಅದನ್ನೂ ನುಂಗುತ್ತದೆ. ಅಜ್ಜಿಗೆ ವಾಸ್ತು ತಪ್ಪು ಅಂತ ವಾದಿಸುವುದಕ್ಕಿಂತ ಹೊಗೆಯ ಸಂಗತಿ ಹೇಳುವುದೇ ವಾಸಿ ಅನ್ನಿಸಿತು. “ಅದೂ ಒಂದು ಜೀವ, ಕೆಮ್ಮು ಬರೋದು ಬೇಡ. ಹಾಲಿನ ಉತ್ತರದ ಗೋಡೆಗೆ ಇಡಿ, ಉತ್ತರ ಕುಬೇರನ ದಿಕ್ಕು, ಅದೂ ಒಳ್ಳೇದೇ” ಅಂತ ಅವರೇ ದಾರಿ ತೋರಿಸಿದರು.

ಹೊಗೆಗಿಂತ ದೊಡ್ಡ ಅಪಾಯ ಟಿವಿ ಸ್ಟ್ಯಾಂಡಿನ ಪಕ್ಕದ ಪ್ಲಗ್ಗಿನಲ್ಲಿತ್ತು, ಸೊಳ್ಳೆಗೆ ಹಾಕುವ ಲಿಕ್ವಿಡ್. ಅದರೊಳಗಿನ ಔಷಧಿ ಪೈರೆಥ್ರಾಯ್ಡ್ ಜಾತಿಯದು. ಮನುಷ್ಯರಿಗೆ, ನಾಯಿಗೆ ಅಷ್ಟಾಗಿ ನಾಟದ ಪ್ರಮಾಣವೂ ಮೀನಿಗೆ ಕಡುವಿಷ. ಬೌಲು ಇದ್ದದ್ದು ಆ ಪ್ಲಗ್ಗಿನಿಂದ ಒಂದು ಮೊಳ ದೂರದಲ್ಲಿ. ಏರ್ ಪಂಪ್ ಹಾಕಿದರಂತೂ ಅದು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಕಿಟಕಿಗೆ ಸೊಳ್ಳೆಪರದೆ ಹಾಕಿಸಿ, ಲಿಕ್ವಿಡ್ಡನ್ನು ಮಲಗುವ ಕೋಣೆಗೆ ಮಾತ್ರ, ಬಾಗಿಲು ಮುಚ್ಚಿ ಬಳಸುವುದು ಅಂತ ಗೊತ್ತುಮಾಡಿಕೊಂಡರು. ಮೀನು ಸಾಕುವವರು ಕೇಳಲೇಬೇಕಾದ ಪ್ರಶ್ನೆ ಇದು, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಉತ್ತರದ ಗೋಡೆಯಲ್ಲಿ ಕಡಪಾ ಕಲ್ಲಿನ ಶೆಲ್ಫ್ ಇತ್ತು. ಗೋಡೆಯೊಳಗೆ ಕೂರಿಸಿದ ಕಲ್ಲು, ಅಡಿಯಲ್ಲಿ ಇಟ್ಟಿಗೆಯ ಆಧಾರ. ತೊಟ್ಟಿ ಎಲ್ಲ ಸೇರಿ ಮೂವತ್ತೈದು ಕೆಜಿಯ ಒಳಗೆ, ಆ ಕಲ್ಲು ಧಾರಾಳವಾಗಿ ತಡೆಯುತ್ತದೆ. ಕೆಳಗೆ ಥರ್ಮಾಕೋಲ್ ಶೀಟ್ ಹಾಸಿದ್ದು ಎರಡು ಕಾರಣಕ್ಕೆ. ಕಲ್ಲಿನ ಸಣ್ಣ ಏರುತಗ್ಗಿಗೆ ಗಾಜು ಸೀಳಬಾರದು, ಮತ್ತು ಕಡಪಾ ಕಲ್ಲು ರಾತ್ರಿ ಹೊತ್ತು ತಣ್ಣಗೆ ಕೊರೆಯುವುದರಿಂದ ತಳದಿಂದ ಶಾಖ ಸೋರಬಾರದು. ನೇರ ಬಿಸಿಲಿಲ್ಲ, ಎದುರಿಗೆ ಕನ್ನಡಿಯಿಲ್ಲ. ಹಿಂದಿನ ಗಾಜಿಗೆ ಕಪ್ಪು ಹಾಳೆ ಅಂಟಿಸಿದ್ದೇ ಒಂದು ತಪ್ಪಾಗಬಹುದಿತ್ತು, ಒಳಗೆ ಲೈಟು ಜೋರಾದರೆ ಆ ಗಾಜೇ ಕನ್ನಡಿಯಾಗಿ ಮೀನು ತನ್ನ ನೆರಳಿನ ಜೊತೆ ಜಗಳ ಶುರುಮಾಡುತ್ತದೆ. ಲೈಟನ್ನು ಮಂದದ್ದೇ ಇಟ್ಟೆವು.

ಒಳಗಿನ ಏರ್ಪಾಡು

ಫಿಲ್ಟರಿಗೆ ಸ್ಪಂಜ್ ಫಿಲ್ಟರ್, ಸಣ್ಣ ಏರ್ ಪಂಪ್, ನಡುವೆ ಗಾಳಿ ತಗ್ಗಿಸುವ ವಾಲ್ವ್. ಅಂಗಡಿಯವರು ತೊಟ್ಟಿಯ ಜೊತೆ ಕೊಡಲು ಬಂದ ನೀರೆತ್ತುವ ಫಿಲ್ಟರ್ ಈ ಸೈಜಿಗೆ ಪ್ರವಾಹದಂತೆ ನೀರು ನೂಕುತ್ತದೆ, ನಿಂತ ನೀರಿನ ಈ ಮೀನಿಗೆ ಅದರ ಎದುರು ನಿಲ್ಲಲಾಗುವುದಿಲ್ಲ. ಸ್ಪಂಜಿನ ಕೆಲಸ ಕಸ ಹಿಡಿಯುವುದಕ್ಕಿಂತ ಬ್ಯಾಕ್ಟೀರಿಯಾ ಸಾಕುವುದು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ, ಉಳಿದ ನೈಟ್ರೇಟ್ ವಾರದ ಬಕೆಟ್ಟಿನಲ್ಲಿ ಆಚೆ ಹೋಗುತ್ತದೆ. ಹೊಸ ತೊಟ್ಟಿಯಲ್ಲಿ ಈ ಸಂಸಾರ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಈ ಮೀನಿಗೆ ಅಷ್ಟು ಕಾಯುವ ಶಕ್ತಿ ಇರಲಿಲ್ಲ. ನನ್ನ ತೊಟ್ಟಿಯಲ್ಲಿ ವರ್ಷದಿಂದ ಓಡುತ್ತಿದ್ದ, ಕಂದು ಬಣ್ಣಕ್ಕೆ ತಿರುಗಿದ್ದ ಸ್ಪಂಜನ್ನೇ ಒದ್ದೆಯಾಗಿಯೇ ತಂದು ಹಾಕಿದೆ. ಅಜ್ಜಿಗೆ ಅದು ಅಸಹ್ಯವಾಯಿತು, “ಹೊಸ ಮನೆಗೆ ಹಳೇ ಕೊಳೆ ಯಾಕಪ್ಪ” ಅಂದರು. ಆ ಕೊಳೆಯೇ ಈ ತೊಟ್ಟಿಯ ಬಂಡವಾಳ, ನಲ್ಲಿ ನೀರಿನಲ್ಲಿ ತೊಳೆದರೆ ಅದರಲ್ಲಿನ ಬ್ಯಾಕ್ಟೀರಿಯಾ ಕ್ಲೋರಿನ್ನಿಗೆ ಸಾಯುತ್ತವೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು ಅಂತ ತಾತನಿಗೆ ವಿವರವಾಗಿ ಹೇಳಿಕೊಟ್ಟೆ.

ಹೀಟರ್ 50 ವಾಟಿನದು, ಥರ್ಮೋಸ್ಟಾಟ್ ಇರುವಂಥದ್ದು, 26 ಡಿಗ್ರಿಗೆ ಇಟ್ಟದ್ದು. 25 ವಾಟೂ ಹೇಗೋ ಸಾಲಬಹುದಿತ್ತು, ಆದರೆ ರಾತ್ರಿ 18ಕ್ಕೆ ಇಳಿಯುವ ಹಾಲಿನಲ್ಲಿ ಅದು ಬಿಡುವಿಲ್ಲದೆ ಉರಿಯಬೇಕಾಗುತ್ತಿತ್ತು. ಚಳಿಗಾಲದಲ್ಲಿ ದಿನದ ಅರ್ಧ ಹೊತ್ತು ಉರಿದರೂ ಖರ್ಚು ದಿನಕ್ಕೆ 0.6 ಯೂನಿಟ್. ಕರೆಂಟ್ ಹೋದರೆ ಏನು ಅನ್ನುವುದು ತಂದೆಯ ಪ್ರಶ್ನೆ. ಮನೆಯಲ್ಲಿ ಯುಪಿಎಸ್ ಇದೆ, ಆದರೆ ಎಲ್ಲ ಪ್ಲಗ್ಗೂ ಅದರ ಲೈನಿಗೆ ಸೇರಿಲ್ಲ. ಮೇನ್ ಸ್ವಿಚ್ ಆರಿಸಿ ಯಾವ ಪ್ಲಗ್ ಉಳಿಯುತ್ತದೆ ಅಂತ ನೋಡಿ, ಶೆಲ್ಫಿನ ಹತ್ತಿರದ್ದು ಉಳಿಯುವುದಿಲ್ಲ ಅಂತ ಗೊತ್ತಾಗಿ, ಎಲೆಕ್ಟ್ರಿಷಿಯನ್‌ನಿಂದ ಒಂದು ಪಾಯಿಂಟ್ ಹಾಕಿಸಿದರು. ತಂತಿ ಪ್ಲಗ್ಗಿಗಿಂತ ಕೆಳಗೆ ಇಳಿಬಿದ್ದು ಮತ್ತೆ ಮೇಲೇರುವ ಹಾಗೆ ಕಟ್ಟಿದ್ದಾರೆ, ಹನಿ ನೀರು ಹರಿದರೂ ನೆಲಕ್ಕೆ ಬೀಳುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ನೀರು ತೆಗೆಯುವ ಕಾಲು ಗಂಟೆ ಮುಂಚೆ ಹೀಟರ್ ಆರಿಸುವುದು ಕಡ್ಡಾಯ. ಬಿಸಿ ಗಾಜಿನ ಕೊಳವೆ ನೀರಿನಿಂದ ಹೊರಬಂದರೆ ಸಿಡಿಯುತ್ತದೆ. ಮಗಳು ಹೀಟರ್ ಮುಟ್ಟುವ ಹಾಗಿಲ್ಲ, ಆಹಾರ ಮಾತ್ರ ಅವಳ ಕೆಲಸ.

ಮೇಲೆ ಗಾಜಿನ ಮುಚ್ಚಳ, ಒಂದು ಮೂಲೆ ಕತ್ತರಿಸಿದ್ದು. ಫೈಟರ್ ಹಾರುತ್ತದೆ, ಬೆಳಗ್ಗೆ ಕಸ ಗುಡಿಸುವಾಗ ನೆಲದ ಮೇಲೆ ಒಣಗಿ ಸಿಕ್ಕಿದ ಕತೆಗಳು ಬಹಳ. ಮುಚ್ಚಳದಿಂದ ಇನ್ನೊಂದು ಉಪಕಾರ, ನೀರಿನ ಮೇಲಿನ ಗಾಳಿಯೂ ಬೆಚ್ಚಗೆ, ತೇವವಾಗಿ ಉಳಿಯುತ್ತದೆ.

ಗಿಡಗಳಿಗೆ ಖರ್ಚು ಮಾಡಿಸಲಿಲ್ಲ. ಕಲ್ಲಿಗೆ ಕಟ್ಟಿದ ಜಾವಾ ಫರ್ನ್ ಒಂದು ತುಂಡು ನನ್ನಲ್ಲೇ ಇತ್ತು, ಮೇಲೆ ತೇಲಲು ನಾಲ್ಕು ಅಂತರಗಂಗೆ. ಪ್ಲಾಸ್ಟಿಕ್ ಗಿಡ ಬೇಡವೇ ಬೇಡ, ಅದರ ಅಂಚಿಗೆ ಬಾಲ ಸಿಕ್ಕಿ ಹರಿಯುತ್ತದೆ. ಬೀದಿಯ ಕೊನೆಯ ಬಾದಾಮಿ ಮರದ ಕೆಳಗೆ ಉದುರಿದ ಒಣ ಎಲೆಗಳಿರುತ್ತವೆ. ಕೆಂಪಗಾಗಿ ತಾನಾಗಿ ಬಿದ್ದದ್ದನ್ನು ಆರಿಸಿ, ತೊಳೆದು, ಒಂದು ಎಲೆ ಹಾಕಿದೆವು. ನೀರು ತೆಳು ಚಹಾದ ಬಣ್ಣಕ್ಕೆ ಬರುತ್ತದೆ, ಫೈಟರ್ ಸಾಕುವವರು ಇದನ್ನು ಹಿಂದಿನಿಂದಲೂ ಬಳಸುತ್ತಾರೆ. ಅಂಗಡಿಯಲ್ಲಿ ಇದೇ ಎಲೆಯನ್ನು ಪ್ಯಾಕೆಟ್ ಮಾಡಿ ಮಾರುತ್ತಾರೆ.

ನೀರಿಗೆ ಸಂಪಿನ ನೀರನ್ನೇ ಹಿಂದಿನ ದಿನ ಬಕೆಟ್ಟಿನಲ್ಲಿ ತೆರೆದಿಟ್ಟು, ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿ ಹಾಕಿ, ಸ್ವಲ್ಪ ಬಿಸಿನೀರು ಬೆರೆಸಿ ತೊಟ್ಟಿಯ ಹದಕ್ಕೆ ತರುವುದು. ಪಿಎಚ್ 8 ಅನ್ನು ಇಳಿಸುವ ಔಷಧಿ ಯಾವುದನ್ನೂ ಹಾಕಲಿಲ್ಲ. ಮೀನು ಸ್ವಲ್ಪ ಗಡಸು ನೀರಿಗೆ ಒಗ್ಗುತ್ತದೆ, ವಾರಕ್ಕೊಮ್ಮೆ ಏರಿಳಿಯುವ ನೀರಿಗೆ ಒಗ್ಗುವುದಿಲ್ಲ.

ಆಮೇಲೆ

ಮೀನನ್ನು 18 ಡಿಗ್ರಿಯಿಂದ ಸೀದಾ 26ಕ್ಕೆ ಬಿಡಲಿಲ್ಲ. ಹೀಟರನ್ನು ಮೊದಲು 22ಕ್ಕೆ ಇಟ್ಟು, ಮಧ್ಯಾಹ್ನ ಬೌಲಿನ ನೀರು ತಾನೇ ಅಷ್ಟು ಬೆಚ್ಚಗಾದಾಗ ವರ್ಗಾಯಿಸಿ, ದಿನಕ್ಕೆ ಒಂದೊಂದು ಡಿಗ್ರಿ ಏರಿಸಿದೆವು. ಮೂರನೆಯ ದಿನ ಅದು ಅಂತರಗಂಗೆಯ ಬೇರುಗಳ ನಡುವೆ ತಿರುಗಾಡುತ್ತಿತ್ತು, ವಾರದೊಳಗೆ ಕಾಳಿಗೆ ಮೇಲೆ ಬಂತು. ಮೊದಲ ಹದಿನೈದು ದಿನ ದಿನ ಬಿಟ್ಟು ದಿನ ಅಮೋನಿಯಾ ಪರೀಕ್ಷೆ ಮಾಡಿದರು, ಒಮ್ಮೆ ಮಾತ್ರ ಕೊಳವೆ ತುಸು ಹಸಿರಿಗೆ ತಿರುಗಿತು, ಅಂದು ತಾತ ಒಂದು ಬಕೆಟ್ ಹೆಚ್ಚು ಬದಲಿಸಿದರು. ಪುರಿ ನಿಂತಿದೆ. ಅಥವಾ ನಿಂತಿದೆ ಅಂತ ನನಗೆ ಹೇಳಿದ್ದಾರೆ.

ಬಾಲದ ಹರಿದ ಅಂಚಿನಿಂದ ಹೊಸ ಪೊರೆ ಬೆಳೆಯಿತು. ಮೊದಲು ಗಾಜಿನಂತೆ ಪಾರದರ್ಶಕ, ಆಮೇಲೆ ನೀಲಿ ಹತ್ತಿತು. ಆದರೆ ಒಂದು ಕಡೆಯ ಕಡ್ಡಿಗಳು ಸೊಟ್ಟಗೇ ಉಳಿದವು, ಅರಳಿಸಿದಾಗ ಅರ್ಧಚಂದ್ರ ಪೂರ್ತಿಯಾಗುವುದಿಲ್ಲ. ಫೆಬ್ರವರಿಯಲ್ಲಿ ಮೂಲೆಯಲ್ಲಿ ನೊರೆಗೂಡು (ಮೊಟ್ಟೆಗಳಿಗೆಂದು ಗಂಡು ಗುಳ್ಳೆಗಳಿಂದ ಮಾಡುವ ಗೂಡು) ಕಟ್ಟಿದಾಗ ಮನೆಯವರೆಲ್ಲ ಖುಷಿಯಿಂದ ಕರೆದು ತೋರಿಸಿದರು. ನಾನು ಅದಕ್ಕೆ ಅಷ್ಟು ಬೆಲೆ ಕೊಡುವುದಿಲ್ಲ. ಗಂಡು ಫೈಟರ್ ಕೆಟ್ಟ ಬೌಲಿನಲ್ಲೂ ಗೂಡು ಕಟ್ಟಬಲ್ಲದು. ನಾನು ನೋಡುವುದು ಬೆಳಗ್ಗೆ ಏಳಕ್ಕೆ ಅದು ಎಲ್ಲಿದೆ, ರೆಕ್ಕೆ ಬಿಚ್ಚಿದೆಯೇ, ಊಟಕ್ಕೆ ಬರುತ್ತದೆಯೇ ಅನ್ನುವುದನ್ನು.

ಏಪ್ರಿಲಿನಲ್ಲಿ ಮನೆಯವರೆಲ್ಲ ಐದು ದಿನ ಊರಿಗೆ ಹೋದರು. ಯಾರಿಗೂ ಆಹಾರ ಹಾಕಲು ಹೇಳಬೇಡಿ ಅಂದಿದ್ದೆ, ಆರೋಗ್ಯವಾಗಿರುವ ಫೈಟರ್ ಅಷ್ಟು ದಿನ ಉಪವಾಸ ಇರಬಲ್ಲದು. ಅಕ್ಕಪಕ್ಕದವರು ಪ್ರೀತಿಯಿಂದ ಹಾಕುವ ಹಿಡಿ ಕಾಳೇ ಹೆಚ್ಚು ಅಪಾಯ. ಬಿಸಿಲುಗಾಲಕ್ಕೆ ಹೀಟರ್ ತಾನಾಗಿಯೇ ಉರಿಯುವುದು ನಿಂತಿತ್ತು, ನೀರು 28 ದಾಟಿದ ಮಧ್ಯಾಹ್ನಗಳಲ್ಲಿ ತಾತ ಮುಚ್ಚಳ ಸರಿಸಿ ಸೊಳ್ಳೆಪರದೆಯ ತುಂಡು ಕಟ್ಟುತ್ತಾರೆ.

ಇದೇ ಮೀನು ಬೇರೆ ಮನೆಗೆ ಬಂದಿದ್ದರೆ ನಾನು ಬೇರೆಯದನ್ನೇ ಹೇಳುತ್ತಿದ್ದೆ. ಕರಾವಳಿಯ ಮನೆಯಾದರೆ ಹೀಟರಿನ ದುಡ್ಡು ಉಳಿಸಿ ಅದನ್ನು ದೊಡ್ಡ ತೊಟ್ಟಿಗೆ ಹಾಕಿ ಅನ್ನುತ್ತಿದ್ದೆ. ಬೆಂಗಳೂರಿನ ಪಿಜಿ ಕೋಣೆಯ ಹುಡುಗ ಕೇಳಿದರೆ, ಹದಿನೈದು ಲೀಟರಿಗೆ ಜಾಗ, ಒಂದು ಸ್ವಂತ ಪ್ಲಗ್, ಊರಿಗೆ ಹೋದಾಗ ಕರೆಂಟ್ ಆರಿಸದ ಓನರ್, ಈ ಮೂರೂ ಇದ್ದರೆ ತಗೋ, ಇಲ್ಲದಿದ್ದರೆ ಮೀನೇ ಬೇಡ ಅನ್ನುತ್ತೇನೆ. ಹಾಸನದ ಮನೆಯಲ್ಲಿ ಈಗ ತಂದೆಯ ಹೊಸ ಪ್ರಶ್ನೆ, ಇಷ್ಟೆಲ್ಲ ಮಾಡಿದ ಮೇಲೆ ಒಂದು ಹೆಣ್ಣು ಫೈಟರ್ ತಂದು ಬಿಡಬಹುದಲ್ಲ ಅಂತ. ಮರಿ ಮಾಡಿಸುವ ಆ ಒಂದೆರಡು ದಿನ ಬಿಟ್ಟರೆ ಗಂಡು ಅದನ್ನೂ ಅಟ್ಟಾಡಿಸಿ ಕಚ್ಚುತ್ತದೆ. ಜೊತೆ ಬೇಕೇ ಬೇಕಾದರೆ ಒಂದು ಬಸವನಹುಳು ಬಿಡಿ ಅಂದಿದ್ದೇನೆ. ಮಗಳು ಒಪ್ಪಿದ್ದಾಳೆ, ತಂದೆ ಇನ್ನೂ ಒಪ್ಪಿಲ್ಲ.